ಎಂಟರಲ್ಲೊಂದು ಅಳತೆಯ ಶಿವಾಥೀರಿಯಂ: ಡೊಂಬಿವಲಿಯ ಒಂದು ಕೆಲಸದ ದಿನಚರಿ

ತಂಗಿಯ ಮಗಳ ಕಿರುಚಿತ್ರಕ್ಕೆ ಶಿವಾಥೀರಿಯಂ ಎಂಬ ಅಳಿದುಹೋದ ಮೃಗದ ಗೊಂಬೆ ಮಾಡಿ, ಅದನ್ನು ಒಂದಿಷ್ಟಿಷ್ಟೇ ಅಲುಗಿಸುತ್ತ ಒಂದೊಂದೇ ಚಿತ್ರ ತೆಗೆದು ಪರದೆಯ ಮೇಲೆ ನಡೆಸುವ (ಸ್ಟಾಪ್ ಮೋಷನ್) ಕೆಲಸದಲ್ಲಿದ್ದೇನೆ. ಇದನ್ನು ಬರೆಯುವ ಹೊತ್ತಿಗೆ ಅದರ 7 ಶಾಟ್‌ಗಳಲ್ಲಿ 6 ಮುಗಿದಿವೆ. ಉಳಿದ ಒಂದು ಶಾಟು ಮೃಗದ ಮುರಿದ ಎಡಗಿವಿಗಾಗಿ ಕಾದು ನಿಂತಿರುವುದರಿಂದ, ಈ ಬಿಡುವಿನಲ್ಲಿ ಫೆಬ್ರವರಿಯಿಂದ ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದ ಅಳತೆ, ಖರ್ಚು ಮತ್ತು ತಪ್ಪುಗಳನ್ನು ಒಂದು ಕಡೆ ಸೇರಿಸುತ್ತಿದ್ದೇನೆ. ಠಾಣೆಯ ವಾಗಳೆ ಎಸ್ಟೇಟಿನ ಟೂಲ್ ರೂಮೊಂದರಲ್ಲಿ 31 ವರ್ಷ ಫಿಟ್ಟರ್ ಆಗಿದ್ದು ನಿವೃತ್ತನಾದವನು ನಾನು. ಗೊಂಬೆ ಮಾಡಿದ ಅನುಭವ ಇರಲಿಲ್ಲ. ಲೋಹದ ಕೆಲಸ ಬರುತ್ತದೆಂಬ ಧೈರ್ಯವಿತ್ತು. ಅತ್ಯಂತ ದುಬಾರಿ ತಪ್ಪುಗಳೆಲ್ಲ ಆ ಧೈರ್ಯದಿಂದಲೇ ಆದವು.

2 ಫೆಬ್ರವರಿ 2025: ಯಾವ ಮೃಗ, ಎಷ್ಟು ದೊಡ್ಡದು

ತಂಗಿಯ ಮಗಳು 11 ನಿಮಿಷದ ಒಂದು ಸಾಹಸ ಚಿತ್ರದ ಕಥೆ ಬರೆದುಕೊಂಡು ಬಂದಳು. ಭಾನುವಾರದ ಕನ್ನಡ ತರಗತಿಗೆ ಬರುವ ನಾಲ್ಕು ಮಕ್ಕಳು ಗುಹೆಯೊಂದರೊಳಗೆ ಹೊಕ್ಕು, ಇನ್ನೊಂದು ತುದಿಯಲ್ಲಿ ಲಕ್ಷಾಂತರ ವರ್ಷಗಳ ಹಿಂದಿನ ಶಿವಾಲಿಕ್ ಬೆಟ್ಟಗಳ ತಪ್ಪಲಿಗೆ ಹೊರಬೀಳುತ್ತಾರೆ; ಅಲ್ಲಿ ಮಂಜಿನೊಳಗಿಂದ ಒಂದು ಮಹಾಮೃಗ ನಡೆದು ಬರುತ್ತದೆ. ಅವಳ ಮನಸ್ಸಿನಲ್ಲಿದ್ದದ್ದು ಡೈನೋಸಾರ್. ಡೈನೋಸಾರ್ ಎಲ್ಲರೂ ಮಾಡಿದ್ದಾರೆ, ಶಿವಾಲಿಕ್ ಎಂದ ಮೇಲೆ ಅಲ್ಲಿಯದೇ ಪ್ರಾಣಿ ಇರಲಿ ಎಂದು ಹಠ ಹಿಡಿದವನು ನಾನು. ಶಿವಾಥೀರಿಯಂ ಜಿರಾಫೆಯ ಕುಲದ್ದು, ಆದರೆ ಕುತ್ತಿಗೆ ಗಿಡ್ಡ, ಮೈ ಎತ್ತಿನಂತೆ ದಪ್ಪ. ಭುಜದ ಎತ್ತರ ಸುಮಾರು 2.2 ಮೀಟರ್, ತೂಕ ಒಂದು ಟನ್ನಿಗೂ ಮಿಗಿಲು. ತಲೆಯ ಮೇಲೆ ಎರಡು ಜೊತೆ ಕೊಂಬುಗಳು: ಕಣ್ಣಿನ ಮೇಲೆ ಚಿಕ್ಕ ಮೊನಚಿನ ಒಂದು ಜೊತೆ, ಹಿಂದೆ ಅಂಗೈಯಂತೆ ಅಗಲವಾದ ಇನ್ನೊಂದು. 1836ರಲ್ಲಿ ಇದಕ್ಕೆ ಶಿವನ ಹೆಸರಿಟ್ಟವರು ಹ್ಯೂ ಫಾಲ್ಕನರ್ ಮತ್ತು ಪ್ರೋಬಿ ಕಾಟ್ಲಿ. ಈ ಕಾಟ್ಲಿ ಗಂಗಾ ಕಾಲುವೆಯನ್ನು ಕಟ್ಟಿಸಿದ ಎಂಜಿನಿಯರ್ ಎಂದು ತಿಳಿದಾಗ, ನಮ್ಮ ಕಸುಬಿನವನೇ ಎಂದು ನನಗೊಂದು ಸಣ್ಣ ಸಮಾಧಾನವಾಯಿತು.

ಎಂಟರಲ್ಲೊಂದು ಅಳತೆ ಎಂದು ನಿಶ್ಚಯಿಸಿದೆವು. ಭುಜ 27.5 ಸೆಂ.ಮೀ., ತಲೆ ಎತ್ತಿದಾಗ ಒಟ್ಟು 37 ಸೆಂ.ಮೀ. ಮೃಗ ಕಾಣಿಸುವುದು 38 ಸೆಕೆಂಡು. ಸೆಕೆಂಡಿಗೆ 24 ಚೌಕಟ್ಟು (ಫ್ರೇಮು), ಒಂದೊಂದು ಭಂಗಿಯನ್ನು ಎರಡು ಚೌಕಟ್ಟಿಗೆ ಹಿಡಿದರೆ 456 ಭಂಗಿ. ಗೊಂಬೆಯನ್ನು 456 ಸಲ ಒಂದಿಷ್ಟೇ ಅಲುಗಿಸಿ, ಅಷ್ಟೂ ಸಲ ಅದು ನಾವು ನಿಲ್ಲಿಸಿದಲ್ಲೇ ನಿಲ್ಲಬೇಕು. ಈ 'ನಿಲ್ಲುವುದು' ಎಂಬುದನ್ನು ನಾನು ಆಗ ಹಗುರವಾಗಿ ತೆಗೆದುಕೊಂಡಿದ್ದೆ.

16 ಫೆಬ್ರವರಿಯಿಂದ 9 ಮಾರ್ಚ್: ಹಿತ್ತಾಳೆಯ ಅಸ್ಥಿಪಂಜರ

ಇಂಥ ಗೊಂಬೆಯ ಒಳಗಿನ ಲೋಹದ ಚೌಕಟ್ಟಿಗೆ ಆರ್ಮೇಚರ್ ಎನ್ನುತ್ತಾರೆ. ನಮ್ಮ ಕಡೆ ಆರ್ಮೇಚರ್ ಎಂದರೆ ಮೋಟರಿನದ್ದು, ಹಾಗಾಗಿ ಇಲ್ಲಿ ಅಸ್ಥಿಪಂಜರವೆಂದೇ ಬರೆಯುತ್ತೇನೆ. ಕೀಲಿನ ರಚನೆ ಸರಳ: 10 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಎರಡು ಪಟ್ಟಿಗಳ ತುದಿಗಳಲ್ಲಿ 6 ಮಿ.ಮೀ. ತೂತು ಕೊರೆದು, ಅವುಗಳ ನಡುವೆ 8 ಮಿ.ಮೀ. ಗುಂಡುಗಳನ್ನು ಸಿಕ್ಕಿಸಿ, ಮಧ್ಯದಲ್ಲಿ ಎಂ3 (3 ಮಿ.ಮೀ.) ಅಲೆನ್ ಸ್ಕ್ರೂ ಬಿಗಿಯುವುದು. ಪಟ್ಟಿಗಳ ನಡುವೆ 5.3 ಮಿ.ಮೀ. ಸಂದು ಉಳಿಯುತ್ತದೆ, ಸ್ಕ್ರೂ ಬಿಗಿದಷ್ಟೂ ಗುಂಡು ಬಿಗಿ. ಕಾಲಿಗೆ ನಾಲ್ಕರಂತೆ 16 ಕೀಲು, ಕುತ್ತಿಗೆ ಮತ್ತು ತಲೆಗೆ 4, ಬೆನ್ನಿಗೆ 2. ಬಾಲಕ್ಕೂ ಕಿವಿಗಳಿಗೂ ಅಲ್ಯೂಮಿನಿಯಂ ತಂತಿ.

ಎಲ್ಲವನ್ನೂ ಹಿತ್ತಾಳೆಯಲ್ಲೇ ಮಾಡಿದೆ. ಕಾರಣ ನಾಚಿಕೆಯಿಲ್ಲದೆ ಹೇಳುವುದಾದರೆ, ಹಿತ್ತಾಳೆ ಲೇತಿನ ಮೇಲೆ ಬೆಣ್ಣೆಯಂತೆ ಸುಲಿದು ಬರುತ್ತದೆ, ಹೊಳೆಯುತ್ತದೆ, ನೋಡಿದವರು ಹೊಗಳುತ್ತಾರೆ. ಮಸ್ಜಿದ್ ಬಂದರ್ ಸ್ಟೇಷನ್ನಿನಲ್ಲಿ ಇಳಿದು ನಾಗದೇವಿ ಬೀದಿಯಲ್ಲಿ ಅಂಗಡಿ ಅಂಗಡಿ ತಿರುಗಿ 3 ಕಿಲೋ ಹಿತ್ತಾಳೆಯನ್ನು 2,250 ರೂಪಾಯಿಗೆ ತಂದೆ. ಹಳೆಯ ಸಹೋದ್ಯೋಗಿಯೊಬ್ಬರ ವರ್ಕ್‌ಶಾಪಿನಲ್ಲಿ ಭಾನುವಾರಗಳಂದು ಲೇತ್ ಸಿಗುತ್ತಿತ್ತು. ಎದೆಗೂಡಿನ ಬದಲು 120 ಮಿ.ಮೀ. ಉದ್ದ, 40 ಮಿ.ಮೀ. ಎತ್ತರ, 25 ಮಿ.ಮೀ. ದಪ್ಪದ ಗಟ್ಟಿ ಹಿತ್ತಾಳೆಯ ದಿಮ್ಮಿಯನ್ನೇ ಇಟ್ಟೆ. ಅದೊಂದೇ ಒಂದು ಕಿಲೋ ದಾಟಿತು. ಟನ್ ತೂಗುವ ಮೃಗವಲ್ಲವೇ, ಗೊಂಬೆಯೂ ಕೈಗೆ ಭಾರವಾಗಿಯೇ ಇರಲಿ ಎಂಬುದು ನನ್ನ ತರ್ಕ. ಮೈ ಕಟ್ಟುವ ಮೊದಲೇ ಬರಿಯ ಲೋಹ 2 ಕಿಲೋ 150 ಗ್ರಾಂ ತೂಗಿತು.

22 ಮಾರ್ಚ್: ನಿಲ್ಲಲಿಲ್ಲ

ರಾತ್ರಿ ಹತ್ತು ಗಂಟೆಗೆ ಮೂರು ಕಾಲಿನ ಮೇಲೆ, ಮುಂದಿನ ಬಲಗಾಲನ್ನು ಎತ್ತಿದ ಭಂಗಿಯಲ್ಲಿ ನಿಲ್ಲಿಸಿ, ಭುಜದ ಎತ್ತರವನ್ನು ಹೈಟ್ ಗೇಜಿನಿಂದ ಅಳೆದು ಬರೆದಿಟ್ಟು ಮಲಗಿದೆ. ಬೆಳಿಗ್ಗೆ ಆರಕ್ಕೆ ಅಳೆದಾಗ ಭುಜ 11 ಮಿ.ಮೀ. ಕುಸಿದಿತ್ತು. ಪರದೆಯ ಮೇಲೆ ಇದರ ಅರ್ಥ, ಮೃಗ ನಿಂತಲ್ಲೇ ಮೆಲ್ಲಗೆ ಮಂಡಿಯೂರುವುದು. ಕುಸಿದದ್ದು ಮುಖ್ಯವಾಗಿ ಮುಂದಿನ ಎಡಗಾಲಿನ ಗೆಣ್ಣಿನಲ್ಲಿ. ಅಲೆನ್ ಕೀಲಿಯಿಂದ ಇನ್ನಷ್ಟು ಬಿಗಿಯಲು ಹೋದೆ. ಹಿತ್ತಾಳೆಯಲ್ಲಿ ಕೊರೆದಿದ್ದ ಎಂ3 ಮರೆ (ಸ್ಕ್ರೂ ಕಚ್ಚುವ ಸುರುಳಿ ಗೆರೆ) ಕಿತ್ತು ಬಂತು. ಅದೇ ದಿನ ಇನ್ನೆರಡು ಕೀಲುಗಳ ಮರೆಯೂ ಹೋಯಿತು. ಗುಂಡಿನ ಮೇಲೆ ಪಟ್ಟಿಯ ತೂತಿನ ಅಂಚು ತಿಕ್ಕಿ ಆಗಲೇ ಗೀರು ಬಿದ್ದಿತ್ತು.

ಮೂರು ವಾರದ ಕೆಲಸ. ಆ ಭಾನುವಾರ ನಾನು ಯಾರೊಂದಿಗೂ ಮಾತನಾಡಲಿಲ್ಲ ಎಂದು ಮನೆಯವರು ಈಗಲೂ ಆಡಿಕೊಳ್ಳುತ್ತಾರೆ.

30 ಮಾರ್ಚ್‌ನಿಂದ 27 ಏಪ್ರಿಲ್: ಉಕ್ಕಿನ ಕಾಲು

ಬೇರಿಂಗಿನ 8 ಮಿ.ಮೀ. ಉಕ್ಕಿನ ಗುಂಡುಗಳು ಅದೇ ನಾಗದೇವಿ ಬೀದಿಯಲ್ಲಿ 4 ರೂಪಾಯಿಗೊಂದರಂತೆ ಸಿಕ್ಕವು, 40 ತಂದೆ. ಅವು ಹದಗೊಳಿಸಿದ ಉಕ್ಕಿನವು, ನೇರವಾಗಿ ಡ್ರಿಲ್ ಹಿಡಿದರೆ ಡ್ರಿಲ್ಲೇ ಸವೆಯುತ್ತದೆ. ಇದು ಗೊತ್ತಿದ್ದೂ, ಕಾರ್ಬೈಡ್ ಡ್ರಿಲ್ ತಾಳುತ್ತದೇನೋ ನೋಡೋಣವೆಂದು ಆತುರಪಟ್ಟು 7 ಗುಂಡುಗಳನ್ನೂ 540 ರೂಪಾಯಿಯ ಡ್ರಿಲ್ಲು, ಟ್ಯಾಪುಗಳನ್ನೂ ಹಾಳುಮಾಡಿದೆ. ಆಮೇಲೆ ಹಳೆಯ ದಾರಿಗೇ ಬಂದೆ: ಗುಂಡುಗಳನ್ನು ಗ್ಯಾಸ್ ಟಾರ್ಚಿನಲ್ಲಿ ಕೆಂಡದ ಬಣ್ಣ ಬರುವವರೆಗೆ ಕಾಯಿಸಿ, ಒಣ ಸುಣ್ಣದ ಪುಡಿ ತುಂಬಿದ ಡಬ್ಬಿಯಲ್ಲಿ ಹೂತು, ರಾತ್ರಿಯಿಡೀ ತಾನಾಗಿ ಆರಲು ಬಿಡುವುದು. ಬೆಳಿಗ್ಗೆ ಅರ ಹಚ್ಚಿದರೆ ಕಚ್ಚುವಷ್ಟು ಮೆತ್ತಗಾಗಿದ್ದವು. 3 ಮಿ.ಮೀ. ಸರಳಿಗೆ ತೂತು ಕೊರೆದು ಬೆಳ್ಳಿ ಬೆಸುಗೆ ಹಾಕಿ, ಕಪ್ಪು ಸಿಪ್ಪೆಯನ್ನು ಪಾಲಿಶ್ ಪೇಪರಿನಿಂದ ತೆಗೆದೆ. ಬೆಸುಗೆ ಕಡ್ಡಿ ಮತ್ತು ಫ್ಲಕ್ಸಿಗೆ 680 ರೂಪಾಯಿ.

ಎದೆಯ ದಿಮ್ಮಿಯನ್ನು ಅಲ್ಯೂಮಿನಿಯಂನಲ್ಲಿ ಮಾಡಿ, ಅದರಲ್ಲೂ ತೂತುಗಳನ್ನು ಕೊರೆದು 250 ಗ್ರಾಂಗೆ ಇಳಿಸಿದೆ. ಒಟ್ಟು ಲೋಹ 1 ಕಿಲೋ 90 ಗ್ರಾಂಗೆ ಬಂತು. ಅದೇ ಮೂರು ಕಾಲಿನ ಪರೀಕ್ಷೆಯಲ್ಲಿ ರಾತ್ರಿಯಿಡೀ ನಿಂತ ಮೇಲೂ ವ್ಯತ್ಯಾಸ ಅರ್ಧ ಮಿ.ಮೀ.ಗಿಂತ ಕಡಿಮೆ.

ಇಲ್ಲಿ ಒಂದು ಮಾತನ್ನು ಒತ್ತಿ ಬರೆಯಬೇಕು. ಕುತ್ತಿಗೆಯ 4 ಮತ್ತು ಬೆನ್ನಿನ 2 ಹಿತ್ತಾಳೆ ಕೀಲುಗಳನ್ನು ನಾನು ಹಾಗೆಯೇ ಬಿಟ್ಟೆ. ಅವುಗಳ ಮೇಲೆ ಅಷ್ಟು ಭಾರ ಬೀಳುವುದಿಲ್ಲ, ಚೆನ್ನಾಗಿಯೇ ಬಿಗಿಯಾಗಿವೆ, ಮತ್ತು ಅಷ್ಟು ಹೊಳೆಯುವ ಕೆಲಸವನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಉಳಿದ ಹಿತ್ತಾಳೆಯಲ್ಲಿ 1.6 ಕಿಲೋವನ್ನು ಗುಜರಿಯವನಿಗೆ ಕೊಟ್ಟು 720 ರೂಪಾಯಿ ಪಡೆದೆ. ಆ ಆರನ್ನೂ ಅದರೊಂದಿಗೇ ತೂಗಿಸಿಬಿಟ್ಟಿದ್ದರೆ ಆಗಸ್ಟಿನ ಎರಡು ವಾರ ಉಳಿಯುತ್ತಿದ್ದವು.

4 ಮೇ: ತಲೆ ಮತ್ತು ಕೊಂಬು

ಗಣಪತಿ ಮಾಡುವವರು ಬಳಸುವ ಶಾಡು ಮಣ್ಣನ್ನು ಲಾಲ್‌ಬಾಗಿನಿಂದ 180 ರೂಪಾಯಿಗೆ ತಂದು ತಲೆಯನ್ನು ತಿದ್ದಿದೆ. ಹಳೆಯ ಚಿತ್ರಗಳಲ್ಲಿ ಕೆಲವರು ಈ ಪ್ರಾಣಿಗೆ ಚಿಕ್ಕ ಸೊಂಡಿಲಿನಂಥ ಮೂತಿ ಕೊಟ್ಟಿದ್ದಾರೆ. ನಾವು ಅದನ್ನು ಬಿಟ್ಟು ಜಿರಾಫೆಯ ಹತ್ತಿರದ ಮೂತಿಯನ್ನೇ ಇಟ್ಟುಕೊಂಡೆವು. ಕೊಂಬಿನಲ್ಲಿ ಮೊದಲು ತಪ್ಪಿದೆ. ಕಡವೆಯ ಕೊಂಬಿನಂತೆ ಒರಟಾಗಿ, ತುದಿ ಹೊಳೆಯುವಂತೆ ಮಾಡಿದ್ದೆ. ಜಿರಾಫೆಯ ಕುಲದ ಕೊಂಬು ಬರಿಯ ಎಲುಬಿನ ಗಂಟು, ಅದರ ಮೇಲೆ ಚರ್ಮ ಹೊದ್ದಿರುತ್ತದೆ. ಆದ್ದರಿಂದ ಕೆರೆದು, ಮೊಂಡು ಮಾಡಿ, ಮೈಯ ಚರ್ಮವೇ ಮೇಲೇರಿ ಹೋದಂತೆ ತಿದ್ದಿದ ಮೇಲೆ ಮುಖಕ್ಕೆ ಒಂದು ಬಗೆಯ ಪುರಾತನ ಕಳೆ ಬಂತು. ಎರಡು ತುಂಡಿನ ಪ್ಲಾಸ್ಟರ್ ಅಚ್ಚು ತೆಗೆದೆ. ಪ್ಲಾಸ್ಟರ್ 10 ಕಿಲೋ, 200 ರೂಪಾಯಿ.

ಮೈಗೆ ಅಚ್ಚು ಮಾಡಲಿಲ್ಲ. ಸೋಫಾ ಫೋಮನ್ನು ಕತ್ತರಿಯಿಂದ ಸ್ನಾಯುಗಳ ಆಕಾರಕ್ಕೆ ಕತ್ತರಿಸಿ ಅಸ್ಥಿಪಂಜರಕ್ಕೆ ಅಂಟಿಸುತ್ತ ಹೋದೆ. ರೋಮ ಬೇಡವೆಂದು ಮೊದಲೇ ತೀರ್ಮಾನವಾಗಿತ್ತು: 1933ರ ಕಿಂಗ್ ಕಾಂಗ್ ಚಿತ್ರದ ಗೊಂಬೆಯ ರೋಮ ಆಡಿಸುವವರ ಬೆರಳು ತಗುಲಿ ಕದಲುವುದು ಪರದೆಯ ಮೇಲೆ ಇಂದಿಗೂ ಕಾಣುತ್ತದೆ. ಅಂಥ ಕೈಗಳಿಗೇ ತಪ್ಪದ್ದು ನನ್ನ ಒರಟು ಬೆರಳಿಗೆ ತಪ್ಪೀತೇ?

26 ಮೇ: ಮಳೆ

ಮೃಗದ ಚರ್ಮಕ್ಕೆ ಆರಿಸಿಕೊಂಡದ್ದು ದ್ರವರೂಪದ ಲೇಟೆಕ್ಸ್, ಅಂದರೆ ರಬ್ಬರ್ ಹಾಲು. ಅದು ಒಣಗುವುದೆಂದರೆ ಅದರೊಳಗಿನ ನೀರು ಆರುವುದು, ಅಷ್ಟೇ. ಮುಂಬೈಗೆ ಮಳೆ ಬರುವುದು ಜೂನ್ 11ರ ಸುಮಾರಿಗೆ ಎಂದು ಲೆಕ್ಕ ಹಾಕಿ, ಚರ್ಮದ ಕೆಲಸಕ್ಕೆ ಜೂನ್ 8ರ ಗಡುವು ಇಟ್ಟುಕೊಂಡಿದ್ದೆ. ಈ ವರ್ಷ ಮುಂಗಾರು ಮೇ 26ಕ್ಕೇ ಬಂದಿಳಿಯಿತು. ತಲೆಯ ಅಚ್ಚಿಗೆ ಹಿಂದಿನ ದಿನವಷ್ಟೇ ಲೇಟೆಕ್ಸ್ ಸುರಿದಿದ್ದೆ. ಪ್ಲಾಸ್ಟರ್ ತಾನೇ ತೇವ ಹೀರಿ ಕುಳಿತಿದ್ದರಿಂದ ಲೇಟೆಕ್ಸಿನ ನೀರನ್ನು ಹೀರಲಿಲ್ಲ. ಮೂರನೆಯ ದಿನ ತಾಳ್ಮೆಗೆಟ್ಟು ಬಿಡಿಸಿದಾಗ ಕೆಳದುಟಿ ಹರಿದು ಅಚ್ಚಿನಲ್ಲೇ ಉಳಿಯಿತು. ಎರಡನೆಯ ತಲೆಗೆ ಹೇರ್ ಡ್ರೈಯರ್ ಹಿಡಿದೆ. ಮೇಲೆ ಕೆನೆಗಟ್ಟಿತು, ಒಳಗೆ ಹಾಲು ಹಾಲಾಗಿಯೇ ಇತ್ತು; ಮಡಿಸಿದೊಡನೆ ಕೆನೆ ಒಡೆದು ಹಾಲು ಹೊರಬಂತು. 5 ಕಿಲೋ ಲೇಟೆಕ್ಸಿನಲ್ಲಿ 2 ಕಿಲೋ ಹೀಗೆ ಹೋಯಿತು, ಅಂದರೆ 640 ರೂಪಾಯಿ. ಲೇಟೆಕ್ಸಿನಲ್ಲಿರುವ ಅಮೋನಿಯದ ವಾಸನೆಗೆ ಪಕ್ಕದ ಮನೆಯವರು ಬಾಗಿಲು ತಟ್ಟಿ ವಿಚಾರಿಸಿದ್ದು ಬೇರೆ.

ಕೊನೆಗೆ ಉಪಾಯ ಹೊಳೆದದ್ದು ಮನೆಯಾಕೆಗೆ. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗದಿರಲೆಂದು ಅವಳ ತಾಯಿ ಒಲೆಯ ಮೇಲಿನ ಗೂಡಿನಲ್ಲಿ ಇಡುತ್ತಿದ್ದರಂತೆ. ಹಳೆಯ ಪ್ಲೈವುಡ್ ಕಪಾಟಿನ ಕೆಳಗೆ 60 ವ್ಯಾಟಿನ ಬಲ್ಬು, ಮೇಲೆ ನಾಲ್ಕು ತೂತು, ಬಾಗಿಲಿಗೆ ಹಳೆಯ ಸೀರೆಯ ಪಟ್ಟಿ. ಎಲ್ಲ ಸೇರಿ 140 ರೂಪಾಯಿ. ಒಳಗೆ 44 ಡಿಗ್ರಿ ನಿಂತಿತು. ಅಚ್ಚನ್ನು ಮೊದಲು ಎರಡು ದಿನ ಖಾಲಿಯಾಗಿಯೇ ಅದರೊಳಗೆ ಒಣಗಿಸಿ, ಆಮೇಲೆ ಲೇಟೆಕ್ಸನ್ನು ಒಂದೇ ಸಲ ಸುರಿಯದೆ ಆರು ತೆಳು ಪದರಗಳಾಗಿ ಕೊಟ್ಟಾಗ, ಮೂರನೆಯ ತಲೆ ಎಲ್ಲೂ ಹರಿಯದೆ ಬಿಟ್ಟುಬಂತು.

15 ಜೂನ್‌ನಿಂದ 20 ಜುಲೈ: ಚರ್ಮ, ಬಣ್ಣ, ಕಣ್ಣು

ಮೈಯ ಚರ್ಮಕ್ಕೆ ತೆಳುವಾದ ಟಿಶ್ಯೂ ಕಾಗದವನ್ನು ಸುಕ್ಕು ಮಾಡಿ, ಲೇಟೆಕ್ಸಿನಲ್ಲಿ ಅದ್ದಿ ಹೊದಿಸಿದೆ. ಸುಕ್ಕುಗಳು ಕುತ್ತಿಗೆಯಲ್ಲಿ ಅಡ್ಡವಾಗಿ, ಪಕ್ಕೆಯಲ್ಲಿ ಉದ್ದವಾಗಿ ಬರುವಂತೆ ನೋಡಿಕೊಂಡರೆ ಬಾಗಿದಾಗ ಸಹಜವಾಗಿ ಮಡಿಯುತ್ತದೆ. ಬರಿಯ ಅಕ್ರಿಲಿಕ್ ಬಣ್ಣ ಕೀಲುಗಳ ಮೇಲೆ ಎರಡು ಸಲ ಬಾಗಿಸುವಷ್ಟರಲ್ಲಿ ಬಿರುಕು ಬಿಟ್ಟಿತು. ಬಣ್ಣವನ್ನು ಲೇಟೆಕ್ಸಿಗೇ ಬೆರೆಸಿ ಹಚ್ಚಿದ್ದು ನಿಂತಿತು. ಲೇಟೆಕ್ಸ್ ಒಣಗಿದಾಗ ಬಣ್ಣ ಗಾಢವಾಗುವುದರಿಂದ ಬೇಕಾದುದಕ್ಕಿಂತ ಒಂದು ಛಾಯೆ ತೆಳುವಾಗಿ ಬೆರೆಸಬೇಕು. ಇದನ್ನು ತಿಳಿಯದ ಕಾರಣ ಹಿಂದಿನ ತೊಡೆಗಳು ಈಗಲೂ ಎಮ್ಮೆಯ ಬಣ್ಣದಲ್ಲಿವೆ.

ಕಣ್ಣಿಗೆ ಭುಲೇಶ್ವರದಲ್ಲಿ 9 ಮಿ.ಮೀ. ಕಪ್ಪು ಗಾಜಿನ ಮಣಿ, 60 ರೂಪಾಯಿಗೆ ಒಂದು ಸರವೇ ಸಿಕ್ಕಿತು. ಮಣಿಯಲ್ಲಿ ದಾರ ಪೋಣಿಸುವ ತೂತಿರುತ್ತದಲ್ಲ, ಅದು ಸರಿಯಾಗಿ ಕಣ್ಣಪಾಪೆಯ ನಡುವೆ ಬರುವಂತೆ ಇಟ್ಟರೆ, ಗುಂಡುಸೂಜಿಯನ್ನು ತೂರಿಸಿ ಕಣ್ಣನ್ನು ತಿರುಗಿಸಬಹುದು. ಇಡೀ ಗೊಂಬೆಯಲ್ಲಿ ಮೊದಲ ಯತ್ನದಲ್ಲೇ ಸರಿಬಂದದ್ದು ಇದೊಂದೇ. ಸಿದ್ಧವಾದ ಮೃಗದ ತೂಕ 1 ಕಿಲೋ 460 ಗ್ರಾಂ.

2 ಆಗಸ್ಟ್: ಮೊದಲ ನಡಿಗೆ

ಮೇಜಿನ ಮೇಲೆ 2 ಮಿ.ಮೀ. ದಪ್ಪದ ತೂತುಗಳ ತಗಡು, ಅದರ ಮೇಲೆ ಬಳಸಿ ಒಣಗಿಸಿದ ಚಹಾಪುಡಿಯೇ ಕಾಡಿನ ನೆಲ. ಪ್ರತಿ ಗೊರಸಿನೊಳಗೆ ಎಂ4 ನಟ್ಟು. ಕಾಲು ಊರಿದ ಕಡೆ ತಗಡಿನ ಕೆಳಗಿಂದ ಸ್ಕ್ರೂ ಬಿಗಿಯುವುದು. ಮೇಜು, ತಗಡು ಸೇರಿ 1,900 ರೂಪಾಯಿ. ಒಂದು ಹೆಜ್ಜೆಗೆ 8 ಭಂಗಿ ಎಂದು ಹಾಕಿ, ಆರು ಹೆಜ್ಜೆ ನಡೆಸಿ ತೋರಿಸಿದೆ. ತಂಗಿಯ ಮಗಳು ಎರಡು ಸಲ ನೋಡಿ ಹೇಳಿದಳು: "ಮಾಮಾ, ಎಮ್ಮಿಗಿಂತ ದೊಡ್ಡ ಪ್ರಾಣಿ ಅಂತ ನೀವೇ ಹೇಳಿದ್ರಿ. ಇದು ನಡಿಯೋದು ನೋಡಿದ್ರ ಆಡು ನಡದಂಗ ಐತಿ."

ಅವಳ ಮಾತು ನಿಜವಾಗಿತ್ತು. ಲೋಹದ ತೂಕವನ್ನು ಕ್ಯಾಮೆರಾ ಕಾಣುವುದಿಲ್ಲ. ಹಿತ್ತಾಳೆಯ ದಿಮ್ಮಿ ಒಳಗಿದ್ದಿದ್ದರೂ ಅದು ಆಡಿನಂತೆಯೇ ನಡೆಯುತ್ತಿತ್ತು.

ಮುಂದಿನ ನಾಲ್ಕು ಬೆಳಗು ಕಲ್ಯಾಣದ ಕಡೆಯ ಒಂದು ತಬೇಲಾದ ಬಳಿ ನಿಂತು ಎಮ್ಮೆಗಳು ನಡೆಯುವುದನ್ನು ನೋಡಿದೆ. ಗವಳಿಯು ನನ್ನನ್ನು ಕೊಳ್ಳಲು ಬಂದವನೆಂದು ತಿಳಿದು ಬೆಲೆ ಹೇಳತೊಡಗಿದ್ದ. ಕಂಡದ್ದು ಇಷ್ಟು. ಗೊರಸು ನೆಲಕ್ಕೆ ತಾಗಿದ ಕ್ಷಣದಲ್ಲಿ ಭಾರ ಬೀಳುವುದಿಲ್ಲ, ಒಂದು ಗಳಿಗೆ ತಡೆದು ಬೀಳುತ್ತದೆ. ಭಾರ ಬಿದ್ದಾಗ ಆ ಬದಿಯ ಭುಜದ ಎಲುಬು ಚರ್ಮದ ಕೆಳಗೆ ಮೇಲೇಳುತ್ತದೆ, ಮೈ ತುಸು ಇಳಿಯುತ್ತದೆ. ತಲೆ ಮೈಗಿಂತ ತಡವಾಗಿ ತಗ್ಗುತ್ತದೆ, ಹೊಟ್ಟೆ ಅದಕ್ಕಿಂತಲೂ ತಡವಾಗಿ ಅಲುಗುತ್ತದೆ. ಕಾಲುಗಳ ಕ್ರಮವನ್ನು ಮಾತ್ರ ಎಮ್ಮೆಯಿಂದ ತೆಗೆದುಕೊಳ್ಳಲಿಲ್ಲ. ಜಿರಾಫೆಯು ಒಂದೇ ಬದಿಯ ಹಿಂದಿನ ಮುಂದಿನ ಕಾಲುಗಳನ್ನು ಹೆಚ್ಚುಕಡಿಮೆ ಒಟ್ಟಿಗೆ ಎತ್ತುವುದರಿಂದ ಅದನ್ನೇ ಅನುಸರಿಸಿದೆ. ಹೆಜ್ಜೆಗೆ 18 ಭಂಗಿ, ಅಂದರೆ ಒಂದೂವರೆ ಸೆಕೆಂಡು. ಕಾಲು ಊರಿದ ಮೇಲೆ ಎರಡು ಭಂಗಿ ಏನೂ ಇಲ್ಲ. ಮುಂದಿನ ಮೂರರಲ್ಲಿ ಭುಜ ಒಟ್ಟು 2 ಮಿ.ಮೀ. ಇಳಿಯುತ್ತದೆ, ನಾಲ್ಕನೆಯದರಲ್ಲಿ ಅರ್ಧ ಮಿ.ಮೀ. ಮರಳಿ ಏಳುತ್ತದೆ. ತಲೆ ಇವೆಲ್ಲಕ್ಕಿಂತ ಎರಡು ಭಂಗಿ ಹಿಂದೆ. ಆ ಎರಡು ಮಿ.ಮೀ. ಸೇರಿಸಿದ ರಾತ್ರಿ, ಒಂದೂವರೆ ಕಿಲೋ ಗೊಂಬೆ ಪರದೆಯ ಮೇಲೆ ಮೊದಲ ಸಲ ಟನ್ ತೂಗಿತು.

ಇನ್ನೊಂದು ತೊಂದರೆ ಲೋಕಲ್ ರೈಲಿನದು. ಮನೆ ಹಳಿಗೆ ಹತ್ತಿರ. ಬಾಲ ಮತ್ತು ಕಿವಿಯ ತುದಿಗಳು ಕಾರಣವಿಲ್ಲದೆ ನಡುಗುತ್ತಿದ್ದುದನ್ನು ನೋಡಿ ಮೂರು ದಿನ ಕ್ಯಾಮೆರಾದ ಸ್ಟ್ಯಾಂಡನ್ನೇ ಅನುಮಾನಿಸಿದೆ. ಮೇಜಿನ ಕಾಲಿಗೆ ರಬ್ಬರ್ ಕೊಟ್ಟರೂ ಪೂರ್ತಿ ಹೋಗಲಿಲ್ಲ. ಕಡೆಯ ಲೋಕಲ್ ಹೋದ ಮೇಲೆ, ಮೊದಲ ಲೋಕಲ್ ಹೊರಡುವ ಮೊದಲು ಸಿಗುವ ಎರಡೂವರೆ ಗಂಟೆಯಲ್ಲಿ ಮಾತ್ರ ಚಿತ್ರೀಕರಿಸತೊಡಗಿದೆವು. ಫ್ಯಾನ್ ಹಾಕುವಂತಿಲ್ಲ. ಒಂದು ರಾತ್ರಿಗೆ 35ರಿಂದ 40 ಭಂಗಿ.

15 ಆಗಸ್ಟ್: ಹಿತ್ತಾಳೆಯ ಸೇಡು

ಮೂರನೆಯ ಶಾಟಿನ ನಡುವೆ ಗಂಟಲಿನ ಬಳಿ ಕಂದು ಮಚ್ಚೆ ಕಂಡಿತು. ಬಣ್ಣ ಹೋಗಿದೆಯೆಂದು ತೇಪೆ ಹಚ್ಚಿದೆ. ಎರಡು ದಿನದಲ್ಲಿ ಮತ್ತೆ ಮೂಡಿತು, ಬೆರಳಿಟ್ಟರೆ ಅಂಟು. ಬ್ಲೇಡಿನಿಂದ ಸೀಳಿ ನೋಡಿದರೆ ಹಿತ್ತಾಳೆಯ ಕೀಲು ತಾಗಿದಲ್ಲೆಲ್ಲ ಲೇಟೆಕ್ಸ್ ಕಂದುಗಟ್ಟಿ ಹಲಸಿನ ಮೇಣದಂತಾಗಿತ್ತು. ತಾಮ್ರ ರಬ್ಬರನ್ನು ಕೆಡಿಸುತ್ತದೆ. ಹಿತ್ತಾಳೆಯಲ್ಲಿ ಹೆಚ್ಚಿನ ಪಾಲು ತಾಮ್ರವೇ. ರಬ್ಬರ್ ಸೀಲುಗಳ ಜೊತೆ ಅಷ್ಟು ವರ್ಷ ಕೆಲಸ ಮಾಡಿದವನಿಗೆ ಇದು ತಿಳಿದಿರಬೇಕಿತ್ತು. ಉಕ್ಕಿನ ಕಾಲುಗಳ ಮೇಲಿನ ಚರ್ಮ ಹೊಸತರಂತೆಯೇ ಇತ್ತು.

ಕುತ್ತಿಗೆಯ ನಾಲ್ಕೂ ಕೀಲುಗಳನ್ನು ಉಕ್ಕಿನಲ್ಲಿ ಹೊಸದಾಗಿ ಮಾಡಿದೆ. ಬೆನ್ನಿನ ಎರಡನ್ನು ತೆಗೆಯಬೇಕಾದರೆ ಇಡೀ ಮೈಯನ್ನೇ ಸೀಳಬೇಕಾಗಿದ್ದರಿಂದ, ಬೆನ್ನಹುರಿಯ ಗುಂಟ ಸಣ್ಣ ಸೀಳು ಹಾಕಿ, ಅವುಗಳ ಸುತ್ತ ನಲ್ಲಿಯವರು ಬಳಸುವ ಟೆಫ್ಲಾನ್ ಟೇಪನ್ನು ಹತ್ತು ಸುತ್ತು ಸುತ್ತಿ ಮುಚ್ಚಿದೆ. ಇದು ಎಷ್ಟು ದಿನ ತಡೆಯುವುದೋ ನೋಡಬೇಕು. ಹೊಸ ಗಂಟಲಿನ ಬಣ್ಣ ಹಳೆಯದಕ್ಕೆ ಹೊಂದದ ಕಾರಣ ಮೂರನೆಯ ಶಾಟಿನ 61 ಭಂಗಿಗಳನ್ನು ಬಿಸಾಡಿ ಮೊದಲಿನಿಂದ ತೆಗೆದೆವು. ಆಗಸ್ಟ್ 27ರ ಚೌತಿಗೆ ಮನೆಗೆ ಗಣಪತಿ ಬಂದಾಗ ಮೇಜನ್ನು ಮಲಗುವ ಕೋಣೆಗೆ ತಳ್ಳಬೇಕಾಯಿತು. ಮರಳಿ ಅದೇ ಜಾಗಕ್ಕೆ ಬರಲೆಂದು ನೆಲದ ಮೇಲೆ ಹಾಕಿದ್ದ ಸುಣ್ಣದ ಗುರುತನ್ನು ಯಾರೋ ರಂಗೋಲಿಯೆಂದು ತಿಳಿದು ತುಂಬಿಸಿಬಿಟ್ಟಿದ್ದರು.

20 ಸೆಪ್ಟೆಂಬರ್: ಎಡಗಿವಿ

ಈವರೆಗಿನ ಖರ್ಚು 9,770 ರೂಪಾಯಿ. ಗುಜರಿಯ 720 ಕಳೆದರೆ 9,050. ಹಾಳಾದ ಡ್ರಿಲ್, ಲೇಟೆಕ್ಸ್ ಮತ್ತು ಹಿತ್ತಾಳೆ ಇದರೊಳಗೇ ಸೇರಿವೆ. ಲೇತ್, ಟಾರ್ಚ್ ಮತ್ತು ಕ್ಯಾಮೆರಾ ಎರವಲು.

ಮೊನ್ನೆ ರಾತ್ರಿ ಏಳನೆಯ ಶಾಟಿನ 23ನೆಯ ಭಂಗಿಯಲ್ಲಿ, ಮೃಗ ಮಕ್ಕಳ ಸದ್ದು ಕೇಳಿ ಕಿವಿ ತಿರುಗಿಸುವಾಗ, ಎಡಗಿವಿಯ ಅಲ್ಯೂಮಿನಿಯಂ ತಂತಿ ಬುಡದಲ್ಲಿ ತುಂಡಾಯಿತು. ಆರು ಶಾಟುಗಳಲ್ಲಿ ಹಿಂದೆ ಮುಂದೆ ಬಾಗಿ ಬಾಗಿ ಸೋತಿತ್ತು. ಮೊದಲೇ ಬದಲಾಯಿಸಬೇಕಾದ ವಸ್ತುವೆಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡಿರಲಿಲ್ಲ. ಒಂದೂವರೆ ಮಿ.ಮೀ. ತಂತಿಯೊಂದರ ಬದಲು ಒಂದು ಮಿ.ಮೀ.ನ ಎರಡು ಎಳೆ ಹೊಸೆದು, ಬುಡದಲ್ಲಿ 2 ಮಿ.ಮೀ. ಉಕ್ಕಿನ ನಳಿಗೆ ತೊಡಿಸಿ, ಮುಂದೆ ಸುಲಭವಾಗಿ ಕಳಚುವಂತೆ ಮಾಡಿದ್ದೇನೆ. ಈ ಸಲ ಕಿವಿಗಳು ನಾಲ್ಕು. ಬಲ್ಬಿನ ಕಪಾಟಿನಲ್ಲಿ ನಾಲ್ಕನೆಯ ಪದರ ಒಣಗುತ್ತಿದೆ. ಇನ್ನೆರಡು ಪದರ ಮತ್ತು ಬಣ್ಣ. 24ನೆಯ ಭಂಗಿ ಮಂಗಳವಾರ ರಾತ್ರಿ, ಕಡೆಯ ಲೋಕಲ್ ಹೋದ ಮೇಲೆ.